ಪಡಲಗಿ ಕೆಳಗಿಟ್ಟವರು

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಸವದತ್ತಿಯ ಎಲ್ಲಮ್ಮನಗುಡ್ಡ ದೂರದ ದಾರಿಯಲ್ಲ. ಹುಣ್ಣಿಮೆ ಬಂತೆಂದರೆ ಚಕ್ಕಡಿ ಹೂಡಿಕೊಂಡು ‘ಉಧೋ ಉಧೋ’ ಎನ್ನುತ್ತ ಹೊರಟವರ ನಡುವೆ, ಕೊರಳಿಗೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾಗಬೇಕಾದ ಪುಟ್ಟ ಹುಡುಗಿಯರೂ ಇರುತ್ತಿದ್ದರು. ಹೆಚ್ಚಿನವರು ದಲಿತರ ಮಕ್ಕಳು. ಗಂಡುಮಗನಿಲ್ಲದ ಮನೆಯಲ್ಲಿ ಮುಪ್ಪಿನ ಕಾಲಕ್ಕೆ ಆಸರೆಯಾಗಲೆಂದು ಮಗಳನ್ನು ದೇವರಿಗೆ ಬಿಡುತ್ತಿದ್ದರು. ವಾಸಿಯಾಗದ ಬೇನೆ, ಚರ್ಮದ ಕಲೆ, ಗಂಟುಬಿದ್ದ ಕೂದಲು ಕಂಡರೂ ಅದು ಅಮ್ಮನ ಕರೆಯೇ. ಔಷಧ ಬೇಕಿದ್ದ ಮೈಗೆ ಭಂಡಾರ ಬಳಿದು, ಕೈಗೆ ಪಡಲಗಿ ಬುಟ್ಟಿ ಕೊಟ್ಟು, ಅಮ್ಮನ ಹೆಸರಲ್ಲಿ ಬೇಡುವ ಜೋಗಕ್ಕೆ ಕಳಿಸುತ್ತಿದ್ದರು.

ಕಾನೂನು ಬರಲಿಲ್ಲವೆಂದಲ್ಲ. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, 1934ರಲ್ಲಿ, ದೇವದಾಸಿ ಸಂರಕ್ಷಣಾ ಕಾಯ್ದೆ ಬಂದಿತ್ತು. 1982ರಲ್ಲಿ ಕರ್ನಾಟಕವೂ ಕಾಯ್ದೆ ಮಾಡಿ, ಮಗಳನ್ನು ಬಿಡುವ ತಂದೆ-ತಾಯಿಗೆ ಐದು ವರ್ಷದವರೆಗೆ ಸೆರೆವಾಸ ಎಂದಿತು. ಗುಡ್ಡದ ಮೇಲೆ ಬಹಿರಂಗವಾಗಿ ನಡೆಯುತ್ತಿದ್ದದ್ದು ಮನೆಯೊಳಗೆ, ಕದ ಮುಚ್ಚಿಕೊಂಡು ನಡೆಯತೊಡಗಿತು.

ಕದ ತೆರೆಸಿದವರು ಮುತ್ತು ಕಟ್ಟಿಸಿಕೊಂಡ ಹೆಂಗಸರೇ. ತೊಂಬತ್ತರ ದಶಕದಲ್ಲಿ ಮೈರಾಡ ಸಂಸ್ಥೆ ಮತ್ತು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ನೆರವಿನಿಂದ ಊರೂರಲ್ಲಿ ಸಂಘ ಕಟ್ಟಿಕೊಂಡವರು, 1997ರಲ್ಲಿ ಗೋಕಾಕ ತಾಲ್ಲೂಕಿನ ಘಟಪ್ರಭಾದಲ್ಲಿ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಹುಟ್ಟುಹಾಕಿದರು. ಜನರ ಬಾಯಲ್ಲಿ ಅದು ‘ಮಾಸ್’. ಅದನ್ನು ಮುನ್ನಡೆಸಿದ ಕಬ್ಬೂರಿನ ಸೀತವ್ವ ಜೋಡಟ್ಟಿ ಅವರಿಗೆ ಮುತ್ತು ಕಟ್ಟಿದ್ದು ಏಳನೇ ವಯಸ್ಸಿಗೆ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಎಲ್ಲಕ್ಕಿಂತ ಕಷ್ಟದ್ದು ಜಡೆ ಬಿಡಿಸುವ ಕೆಲಸ. ವರ್ಷಗಟ್ಟಲೆ ಬಾಚಣಿಗೆ ಕಾಣದೆ, ಎಣ್ಣೆ, ಭಂಡಾರ, ಧೂಳು ಕೂಡಿ ಹಗ್ಗದಂತೆ ಗಟ್ಟಿಯಾದ ಕೂದಲದು. ಕತ್ತರಿ ತಾಕಿಸಿದರೆ ಅಮ್ಮ ಮುನಿದಾಳು, ರಕ್ತ ಕಾರಿ ಸಾಯಬೇಕಾದೀತು ಎಂಬ ಅಂಜಿಕೆ. ಅಧಿಕಾರಿಯ ಭಾಷಣಕ್ಕೆ ಆ ಅಂಜಿಕೆ ಕರಗುವಂಥದ್ದಲ್ಲ. ತಾನೂ ಜಡೆ ತೆಗೆಸಿಕೊಂಡವಳು ಪಕ್ಕದಲ್ಲಿ ಕೂತು, ತಲೆ ಬಾಗಿಸಿ ತೋರಿಸಿ, ‘ನೋಡವ್ವಾ, ನನಗೇನಾಗೇತಿ?’ ಎಂದು ಕೇಳಬೇಕು.

ಸರ್ಕಾರದ ಮೊದಲ ಸಮೀಕ್ಷೆ, 1993-94ರಲ್ಲಿ, ರಾಜ್ಯದಲ್ಲಿ 22,873 ದೇವದಾಸಿಯರನ್ನು ಲೆಕ್ಕ ಹಾಕಿತ್ತು. 2007-08ರ ಎರಡನೆಯದು ಮುಗಿದಾಗ ಒಟ್ಟು 46,660 ಆಯಿತು. ಮೊದಲ ಸಲ ಅಷ್ಟು ಮಂದಿ ಎಣಿಕೆಗೇ ಸಿಕ್ಕಿರಲಿಲ್ಲವೆಂದರೆ ಬಿಡುಗಡೆಯ ಮಾತೆಲ್ಲಿ!

ಇವರ ಮಕ್ಕಳ ಸಂಕಟ ಶಾಲೆಯ ಬಾಗಿಲಲ್ಲೇ ಶುರು. ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಸಾಲು ಬಂದಾಗ ತಾಯಿ ಸುಮ್ಮನಾಗುತ್ತಾಳೆ. ಹುಡುಗ ಅವಳ ಮುಖ ನೋಡುತ್ತಾನೆ. ತಂದೆಯ ಹೆಸರು ಕಡ್ಡಾಯವಲ್ಲ, ಬೇಕೆಂದರೆ ತಂದೆ ಯಾರೆಂದು ಗುರುತಿಸಿಕೊಡುವಂತೆ ಕೇಳುವ ಹಕ್ಕೂ ಮಕ್ಕಳಿಗಿದೆ ಎಂಬ ಹೊಸ ಮಸೂದೆಗೆ ರಾಜ್ಯದ ವಿಧಾನಮಂಡಲ ಒಪ್ಪಿಗೆ ಕೊಟ್ಟದ್ದು 2025ರಲ್ಲಿ. ಆ ಹೊತ್ತಿಗೆ ಘಟಪ್ರಭಾದ ಸಂಸ್ಥೆಗೆ 28 ವರ್ಷ ತುಂಬಿತ್ತು.