ಹೆಸರಿಗೊಂದು ಮನೆ

ಬೆಳ್ತಂಗಡಿ ಕಡೆಯ ನಮ್ಮೂರಲ್ಲಿ ಇಬ್ಬರು ಕೃಷ್ಣಣ್ಣ ಇದ್ರೂ ಗೊಂದಲವಿಲ್ಲ. ಮನೆಯ ಹೆಸರು ಸೇರಿಸಿ ಹೇಳಿದರಾಯ್ತು. ಜಾವಾಸ್ಕ್ರಿಪ್ಟ್ ಲೋಕಕ್ಕೆ ಈ ಬುದ್ಧಿ ತಡವಾಗಿ ಬಂತು.

2005ರ ಪ್ರೊಟೊಟೈಪ್, 2006ರ ಮೂಟೂಲ್ಸ್ ಎರಡೂ ಭಾಷೆಯ ಮೂಲ ಅರೇಗೇ ತಮ್ಮ ಮೆಥಡ್‌ಗಳನ್ನು ಅಂಟಿಸಿದವು. ಡಾಲರ್ ಚಿಹ್ನೆಯೂ ಇಬ್ಬರಿಗೂ ಬೇಕು. ಒಂದೇ ಪುಟದಲ್ಲಿ ಎರಡನ್ನೂ ಹಾಕಿದರೆ ಕೊನೆಗೆ ಬಂದವನೇ ಯಜಮಾನ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥದ್ದೊಂದು ಪುಟ ನನ್ನ ಎರಡು ರಾತ್ರಿ ನುಂಗಿತ್ತು.

2018ರಲ್ಲಿ ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದಾಗಿಸುವ ‘ಫ್ಲ್ಯಾಟನ್’ ಅನ್ನು ಭಾಷೆಗೇ ಸೇರಿಸಲು ಹೊರಟರು. ಮೂಟೂಲ್ಸ್‌ನಲ್ಲಿ ಅದೇ ಹೆಸರು ಮೊದಲೇ ಇತ್ತು. ಹಳೆಯ ಸೈಟು ಕೆಟ್ಟಿತು. ಭಾಷೆಯ ಸಮಿತಿ ಹಳಬರನ್ನು ಒಕ್ಕಲೆಬ್ಬಿಸಲಿಲ್ಲ. ತನ್ನ ಮೆಥಡ್‌ನ ಹೆಸರನ್ನೇ ‘ಫ್ಲ್ಯಾಟ್’ ಎಂದು ಬದಲಿಸಿಕೊಂಡಿತು.

ಹೇಳೋರು ಕೇಳೋರು ಇಲ್ಲದ ಹಳೇ ಪುಟಗಳು ಇವತ್ತೂ ತೆರೆಯುವುದು ಇಂಥ ತಗ್ಗುವಿಕೆಯಿಂದ. ನೀವೂ ಅಷ್ಟೇ ಮಾರಾಯ್ರೆ, ಇನ್ನೊಬ್ಬರ ಕ್ಲಾಸಿಗೆ ಮೆಥಡ್ ಸೇರಿಸುವ ಮುನ್ನ ಅದಕ್ಕೊಂದು ಮನೆಹೆಸರು ಕೊಡಿ.