ಹುಳಿ ಹಾಕಿದ ಹಂದಿಮಾಂಸ: ತುಂಗಭದ್ರೆಯ ಎಡದಂಡೆಯ ಒಂದು ಅಡುಗೆ ಚರಿತ್ರೆ

ಕನ್ನಡದ ಪಾಕಗ್ರಂಥಗಳನ್ನಷ್ಟೇ ನೆಚ್ಚಿ ಕೂತರೆ, ಕೊಪ್ಪಳ ಸೀಮೆಯಲ್ಲಿ ಯಾರೂ ಎಂದೂ ಹಂದಿಯನ್ನು ಬೇಯಿಸಿರಲಿಲ್ಲ ಎಂದೇ ತೀರ್ಮಾನಿಸಬೇಕಾಗುತ್ತದೆ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದ ಅಡುಗೆಯ ಭಾಗವೂ, 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವೂ ಸಸ್ಯಾಹಾರದ ಗೆರೆ ದಾಟುವುದಿಲ್ಲ. ಮಂಗರಸ ಜೈನ, ಅವನಿಂದ ಬೇರೆಯದನ್ನು ನಿರೀಕ್ಷಿಸುವುದೂ ಸಲ್ಲ. ಕೊಪ್ಪಳವಂತೂ ಕೊಪಣವೆಂಬ ಹೆಸರಿನಲ್ಲಿ ಜೈನರ ಮಹಾತೀರ್ಥವಾಗಿದ್ದ ಊರು. ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳು ಇಲ್ಲಿನ ಬಂಡೆಗಳ ಮೇಲೆ ಉಳಿದಿವೆ. ಊಟ ತೊರೆದವರನ್ನು ಈ ನೆಲ ಕಲ್ಲಿನಲ್ಲಿ ಕಾಪಾಡಿತು, ಉಂಡವರನ್ನು ಕಾಪಾಡಲಿಲ್ಲ. ಗ್ರಂಥಗಳ ಈ ಮೌನ ಬರೆದವರ ಆಚಾರದ್ದೇ ಹೊರತು ಊರಿನ ಒಲೆಗಳದ್ದಲ್ಲ ಎಂಬುದು ನನ್ನ ವಾದ. ಅದಕ್ಕೆ ಸಾಕ್ಷಿಯನ್ನು ಕನ್ನಡದ ಆಚೆಯಿಂದ, ಸಂಸ್ಕೃತ ಮತ್ತು ಪೋರ್ಚುಗೀಸಿನಿಂದ ತರಬೇಕಾಗಿದೆ.

ಯಲಬುರ್ಗಾ ಸೀಮೆಯ ಇಟಗಿಯಲ್ಲಿ ದಂಡನಾಯಕ ಮಹಾದೇವ 1112ರಲ್ಲಿ ಮಹಾದೇವ ದೇವಾಲಯ ಕಟ್ಟಿಸಿದ. ಅವನ ಒಡೆಯ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯ. ಯಲಬುರ್ಗಾ ಆಗ ಎರಂಬರಗೆ. ಅಲ್ಲಿ ಕೂತು ಆಳುತ್ತಿದ್ದ ಸಿಂದರೂ ಚಾಲುಕ್ಯರ ಸಾಮಂತರೇ. ಈ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ‘ಅನ್ನಭೋಗ’ ಎಂಬ ಪ್ರಕರಣವಿದೆ. ಗಾಯಕವಾಡ ಪ್ರಾಚ್ಯ ಗ್ರಂಥಮಾಲೆಯಲ್ಲಿ ಆ ಭಾಗ ಅಚ್ಚಾದದ್ದು 1939ರಲ್ಲಿ. ಅದರಲ್ಲಿ ಹಂದಿಯ ಅಡುಗೆ ಅರ್ಧ ಸಾಲಿನ ಉಲ್ಲೇಖವಲ್ಲ, ಕೆಲಸ ಬಲ್ಲವನ ವಿವರ. ಹಂದಿಯ ಮೇಲೆ ಬಿಳಿಯ ಬಟ್ಟೆ ಹೊದಿಸಿ, ಕೂದಲು ಸಡಿಲವಾಗುವವರೆಗೆ ಬಿಸಿನೀರು ಹೊಯ್ಯಬೇಕು. ಇಲ್ಲವೇ ಹುಲ್ಲಿನ ಬೆಂಕಿಯಲ್ಲಿ ಸುಡಬೇಕು. ಆಮೇಲೆ ತುಂಡರಿಸಿ ಕೆಂಡದ ಮೇಲೆ ಸುಟ್ಟು ಮಾಡುವ ಬಗೆಗೆ ‘ಶುಂಠಕ’ ಎಂದು ಹೆಸರು. ತಾಳೆಗರಿಯಷ್ಟು ತೆಳುವಾಗಿ ಸೀಳಿ ಮೊಸರಿಗೋ ಹುಳಿರಸಕ್ಕೋ ಹಾಕುವ ಬಗೆ ಇನ್ನೊಂದು. ಪ್ರಕರಣದ ಉದ್ದಕ್ಕೂ ಮಾಂಸದ ಜೊತೆಗೆ ಇಂಗು, ಸೈಂಧವ ಲವಣ, ಕರಿಮೆಣಸು, ಹುಳಿ ಮತ್ತೆ ಮತ್ತೆ ಬರುತ್ತವೆ. ಮೆಣಸಿನಕಾಯಿ ಇಲ್ಲ; ಅದು ಬರಲು ಇನ್ನೂ ನಾನ್ನೂರು ವರ್ಷ ಬೇಕಿತ್ತು. ಚಾಲುಕ್ಯರ ಲಾಂಛನವೇ ವರಾಹ ಎಂಬುದು ಅರಸನ ತಟ್ಟೆಗೆ ಅಡ್ಡಿಯಾದಂತಿಲ್ಲ.

ಇದು ಅರಮನೆಯ ಮಾತು, ಊರಿನದಲ್ಲ ಎಂಬ ಆಕ್ಷೇಪ ನ್ಯಾಯವೇ. ಊರಿನ ಸಾಕ್ಷಿ ಸಿಗುವುದು 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ದೊಮಿಂಗೊ ಪಾಯೆಸ್‌ನಲ್ಲಿ. ಬುಟ್ಟಿಯಂಥ ಹರಿಗೋಲಿನಲ್ಲಿ ಹೊಳೆ ದಾಟಿ ಆನೆಗೊಂದಿಗೆ ಹೋಗುವುದನ್ನು ಬಣ್ಣಿಸಿದವನು ಇವನೇ. ಆ ಆನೆಗೊಂದಿ ಇಂದಿನ ಗಂಗಾವತಿ ತಾಲೂಕಿನಲ್ಲಿದೆ. ರಾಜಧಾನಿಯ ಕೆಲವು ಬೀದಿಗಳ ಕಟುಕರ ಮನೆಗಳಲ್ಲಿ ಹಂದಿ ಮಾರುತ್ತಿದ್ದರು, ಒಂದಕ್ಕೆ ನಾಲ್ಕೈದು ಹಣ ಬೆಲೆ, ಅಷ್ಟು ಬಿಳುಪು, ಅಷ್ಟು ಚೊಕ್ಕಟ ಬೇರೆ ಯಾವ ದೇಶದಲ್ಲೂ ಕಾಣದು ಎಂಬುದು ಅವನ ವರದಿಯ ಸಾರ. 1535ರ ಬಳಿಕ ಬರೆದ ಫೆರ್ನಾವೊ ನೂನಿಜ್ ಅರಸರ ಆಹಾರದ ಪಟ್ಟಿಯಲ್ಲಿ ಹಂದಿಯನ್ನೂ ಸೇರಿಸುತ್ತಾನೆ. ಇಬ್ಬರ ಬರಹವನ್ನೂ ರಾಬರ್ಟ್ ಸಿವೆಲ್ 1900ರಲ್ಲಿ ಇಂಗ್ಲಿಷಿಗೆ ತಂದ.

ಆ ‘ಬಿಳುಪು’ ನನ್ನನ್ನು ತಡೆದು ನಿಲ್ಲಿಸುತ್ತದೆ. ನಮ್ಮ ನಾಡಹಂದಿ ಕಪ್ಪು. ಕುದಿನೀರು ಹೊಯ್ದು ಹೆರೆದಾಗ ಕೂದಲಿನ ಜೊತೆಗೆ ಮೇಲುಪದರವೂ ಕಿತ್ತು ಬಂದು ಚರ್ಮ ಬೆಳ್ಳಗಾಗುತ್ತದೆ. ಪಾಯೆಸ್ ಕಂಡದ್ದು ಬಿಳಿ ತಳಿಯನ್ನಲ್ಲ, ಹೀಗೆ ಹೆರೆದು ತೂಗುಹಾಕಿದ ಹಂದಿಯನ್ನು ಎಂದು ನಾನು ಓದುತ್ತೇನೆ. ಈ ಓದು ಸರಿಯಾದರೆ, ಸೋಮೇಶ್ವರನ ಅಡುಗೆಮನೆಯ ಕ್ರಮ ನಾಲ್ಕು ಶತಮಾನದ ಬಳಿಕ ಕಟುಕರ ಬೀದಿಯಲ್ಲಿ ದಿನಗೆಲಸವಾಗಿತ್ತು.

ಇನ್ನು ಹುಳಿ. ಹಂದಿಗೆ ಹುಳಿ ಹಾಕುವುದನ್ನು ಪೋರ್ಚುಗೀಸರು ಕಲಿಸಿದರೆಂಬ ಮಾತು ಆಗಾಗ ಕೇಳಿಬರುತ್ತದೆ. ಗೋವೆಯ ವಿಂದಾಲೂ ಮಟ್ಟಿಗೆ ಅದು ನಿಜ. 1510ರ ಬಳಿಕ ಅವರ ದ್ರಾಕ್ಷಾರಸ-ಬೆಳ್ಳುಳ್ಳಿಯ ಮಾಂಸ ಇಲ್ಲಿ ವಿನೆಗರಿನ ಪದಾರ್ಥವಾಯಿತು. ಆದರೆ ಹುಳಿರಸದ ಹಂದಿ 1129ರಲ್ಲೇ ದಾಖಲಾಗಿದೆಯಲ್ಲ! ಕೊಡಗಿನ ಪಂದಿ ಕರಿಗೆ ಬೀಳುವ ಕಾಚಂಪುಳಿಯೂ ಹಡಗಿನಲ್ಲಿ ಬಂದದ್ದಲ್ಲ, ಘಟ್ಟದ ಕಾಡಿನ ಹಣ್ಣಿನ ರಸವನ್ನು ಕಪ್ಪಾಗುವವರೆಗೆ ಕುದಿಸಿ ಇಳಿಸಿದ್ದು. ಇಂಥದೇ ತಪ್ಪು ಫಿಲಿಪೀನ್ಸ್‌ನಲ್ಲೂ ಆಗಿದೆ. ಅಲ್ಲಿನ ಮನೆಮನೆಯ ಹಂದಿಯ ಅಡುಗೆ ‘ಅಡೋಬೊ’ ಸ್ಪ್ಯಾನಿಷ್ ಹೆಸರು ಹೊತ್ತಿರುವುದರಿಂದ ಅಡುಗೆಯೂ ಸ್ಪೇನಿನದೆಂದು ನಂಬುವವರಿದ್ದಾರೆ. ಮನಿಲಾ ಸ್ಪ್ಯಾನಿಷರ ವಶವಾದದ್ದು 1571ರಲ್ಲಿ. 1613ರ ತನ್ನ ಟಗಾಲೊಗ್ ನಿಘಂಟಿನಲ್ಲಿ ಪೆದ್ರೊ ದೆ ಸಾನ್ ಬುಯೆನಾವೆಂತುರಾ ಇದನ್ನು ನಾಡಿಗರ ಅಡೋಬೊ ಎಂದೇ ಗುರುತಿಸಿದ. ತೆಂಗು, ನೀಪಾ ತಾಳೆ, ಕಬ್ಬುಗಳ ವಿನೆಗರಿನಲ್ಲಿ ಮಾಂಸ ಬೇಯಿಸುವುದು ಅಲ್ಲಿ ಮೊದಲೇ ಇತ್ತು. ಬಿಸಿಲುನಾಡಿನಲ್ಲಿ ಕೊಬ್ಬಿನ ಮಾಂಸವನ್ನು ನಾಲ್ಕು ದಿನ ಉಳಿಸಲು ಹುಳಿ ಬೇಕು, ಕೊಬ್ಬಿನ ಜಿಡ್ಡು ಮುರಿಯಲೂ ಅದೇ ಬೇಕು. ಇದಕ್ಕೆ ಗುರು ಬೇಕಿಲ್ಲ.

ಇವತ್ತು ಈ ಭಾಗದಲ್ಲಿ ಹಂದಿ ಸಾಕಣೆ ಬಹುಮಟ್ಟಿಗೆ ಹಂದಿಜೋಗಿ, ಕೊರಮರಂಥ ಸಮುದಾಯಗಳ ಕೈಯಲ್ಲಿದೆ. ಕಾಡುಹಂದಿಯ ಬೇಟೆಯನ್ನು 1972ರ ವನ್ಯಜೀವಿ ಕಾಯ್ದೆ ಕಟ್ಟಿಹಾಕಿದೆ. ಅರಸನ ಅಡುಗೆ ಗ್ರಂಥಮಾಲೆ ಸೇರಿತು. ಇವರ ಅಡುಗೆಯನ್ನು ಕೂತು ಬರೆದುಕೊಳ್ಳುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳ ಮುಂದಿದೆ, ಅದೂ ಇವರ ಬಾಯಿಂದಲೇ ಕೇಳಿ.

ಫಿಲಿಪೀನಿ ಅಡುಗೆಯನ್ನು ಇಲ್ಲಿ ಮನೆಯಲ್ಲಿ ಮಾಡಿ ನೋಡಬಯಸುವವರಿಗೆ ಅಡೋಬೊಗಿಂತ ‘ಸಿನಿಗಾಂಗ್’ ಹತ್ತಿರದ್ದು, ಏಕೆಂದರೆ ಅದರ ಹುಳಿ ಹುಣಸೆಯದೇ. ಎಲುಬು ಸಹಿತದ ಹಂದಿ ತುಂಡುಗಳನ್ನು ಈರುಳ್ಳಿ, ಟೊಮೆಟೊ ಜೊತೆ ನೀರಿನಲ್ಲಿ ಸಣ್ಣ ಉರಿಯಲ್ಲಿ, ನೊರೆ ತೆಗೆಯುತ್ತ, ಒಂದು ಒಂದೂವರೆ ತಾಸು ಬೇಯಿಸಬೇಕು. ಅರೆಬೆಂದ ಹಂದಿಯಲ್ಲಿ ಲಾಡಿಹುಳುವಿನ ಅಪಾಯವಿರುವುದರಿಂದ ಇದರಲ್ಲಿ ಅವಸರ ಸಲ್ಲದು. ಮಾಂಸ ಮೆತ್ತಗಾದ ಮೇಲೆ ಮೂಲಂಗಿ, ಬದನೆ, ಹಸಿಮೆಣಸಿನಕಾಯಿ, ಹುಣಸೆರಸ, ಕೊನೆಗೆ ಸೊಪ್ಪು. ಹಸಿ ಹುಣಸೆಕಾಯಿ ಬೇಯಿಸಿ ಹಿಂಡಿದರೆ ಅಲ್ಲಿನ ರುಚಿ ಇನ್ನೂ ಹತ್ತಿರ. ಅಲ್ಲಿ ಮೀನಿನ ಉಪ್ಪುರಸ ಹಾಕುತ್ತಾರೆ, ಇಲ್ಲಿ ಉಪ್ಪು ಸಾಕು. ಈ ತಿಳಿಸಾರು ಗಂಗಾವತಿಯ ಸೋನಾಮಸೂರಿ ಅನ್ನಕ್ಕೆ ಒಗ್ಗುತ್ತದೆ. ಕುಷ್ಟಗಿ, ಯಲಬುರ್ಗಾದ ಜೋಳದ ರೊಟ್ಟಿಗೆ ಮಾತ್ರ ತುಸು ಹೆಚ್ಚು ಹೊತ್ತು ಕುದಿಸಿ ಬತ್ತಿಸಬೇಕು.