ವ್ಯಾಜ್ಯಕಾಲದ ಮಾತು

ಯಳಂದೂರಿನ ಸುವರ್ಣಾವತಿಯು ಕೊಳ್ಳೇಗಾಲದ ಸೀಮೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿಯು ಹನೂರಿನ ಕಾಡುಗಳ ಅಂಚಿನಲ್ಲಿ ಹರಿದು ತಮಿಳುನಾಡನ್ನು ಹೊಗುತ್ತದೆ. 1924ರಲ್ಲಿ ಮೈಸೂರೂ ಮದರಾಸೂ ಈ ನೀರಿಗಾಗಿ ಒಪ್ಪಂದ ಮಾಡಿಕೊಂಡಾಗ ಯಳಂದೂರು ಮೈಸೂರಿಗೂ, ಹನೂರನ್ನೊಳಗೊಂಡ ಕೊಳ್ಳೇಗಾಲವು ಮದರಾಸಿಗೂ ಸೇರಿದ್ದುವು. 1956ರಲ್ಲಿ ಗಡಿ ಬದಲಾಯಿತು, ನೆರೆಹೊರೆ ಬದಲಾಗಲಿಲ್ಲ. ವ್ಯಾಜ್ಯವು ನ್ಯಾಯಸ್ಥಾನದಲ್ಲಿರುವಾಗ ಬಹಿರಂಗವಾಗಿ ಆಡಿದ ಮಾತಿನ ಬೆಲೆಯೆಷ್ಟೆಂಬುದನ್ನು, ಎರಡು ಪಕ್ಷಗಳಲ್ಲಿಯೂ ಇದ್ದ ಈ ಸೀಮೆಯಲ್ಲಿ ನಿಂತು ನೋಡುವುದು ಉಚಿತ.

ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ನ್ಯಾಯಮಂಡಲಿಯು 1991ರ ಜೂನಿನಲ್ಲಿ ಮಧ್ಯಂತರ ಆಜ್ಞೆ ಮಾಡಿತು. ಕರ್ನಾಟಕವು ಜುಲೈಯಲ್ಲಿ ಸುಗ್ರೀವಾಜ್ಞೆಯ ಮೂಲಕ ತನ್ನ ಹಕ್ಕನ್ನು ಸಾರಿತು. ಕಕ್ಷಿಗಾರನು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಲಾಗದೆಂದು ಸರ್ವೋಚ್ಚ ನ್ಯಾಯಾಲಯವು ನವೆಂಬರಿನಲ್ಲಿ ಅದನ್ನು ತಳ್ಳಿಹಾಕಿತು. ಡಿಸೆಂಬರಿನಲ್ಲಿ ಆಜ್ಞೆಯು ರಾಜಪತ್ರದಲ್ಲಿ ಪ್ರಕಟವಾದಾಗ, ಸಭೆಗಳಲ್ಲಿ ಕಾವೇರಿದ್ದ ಮಾತು ಬೀದಿಗಿಳಿಯಿತು, ಬೆಂಗಳೂರು, ಮೈಸೂರು ಕಡೆಗಳಲ್ಲಿ ತಮಿಳು ನುಡಿವ ಬಡವರು ಮನೆಮಾರು ಕಳೆದುಕೊಂಡರು, ಪ್ರಾಣಗಳೂ ಹೋದುವು. ವಾದ ನಡೆದುದು ದೆಹಲಿಯಲ್ಲಿ; ದಂಡ ತೆತ್ತವರು ಕಕ್ಷಿಗಾರರೇ ಅಲ್ಲದವರು.

2002ರಲ್ಲಿ ಮಳೆ ಸೋತಿತು. ನೀರು ಬಿಡುವುದನ್ನು ನಿಲ್ಲಿಸಿದ ಮುಖ್ಯಮಂತ್ರಿ ಎಸ್.ಎಂ. ಕೃಷ್ಣರು ಮಂಡ್ಯದತ್ತ ಪಾದಯಾತ್ರೆ ಹೊರಟರು. ಜನರೆದುರು ಕೊಟ್ಟ ಮಾತು ಕೊಟ್ಟವನನ್ನೇ ಕಟ್ಟುತ್ತದೆ; ನ್ಯಾಯಾಂಗನಿಂದನೆಯ ಪ್ರಕರಣವು ಎದುರಾಗಿ, ನೀರನ್ನೂ ಬಿಡಬೇಕಾಯಿತು, ಕ್ಷಮೆಯನ್ನೂ ಬೇಡಬೇಕಾಯಿತು.

ಹಾಗಾದರೆ ನೊಂದವನು ಮೌನವಾಗಿರಬೇಕೆ? ಹಾಗಲ್ಲ. 2018ರ ತೀರ್ಪಿನಲ್ಲಿ ಕರ್ನಾಟಕಕ್ಕೆ 14.75 ಟಿ.ಎಂ.ಸಿ. ಹೆಚ್ಚು ದೊರೆಯಿತು. ತಮಿಳುನಾಡಿನ ಅಂತರ್ಜಲದ ಗಣನೆಯಿಂದ 10, ಬೆಂಗಳೂರಿನ ಬಾಯಾರಿಕೆಯ ಗಣನೆಯಿಂದ 4.75. ಕೂಗು ಗೆಲ್ಲಲಾರದುದನ್ನು ಲೆಕ್ಕವು ಗೆದ್ದಿತು. ಮಾತು ಬೇಕು, ಅದಕ್ಕೆ ತಕ್ಕ ಸ್ಥಾನವೂ ಬೇಕು.